ಷಾರ್ಲೆಟ್ ಬ್ರಾಂಟೆ

ಷಾರ್ಲೆಟ್ ಬ್ರಾಂಟೆ (ಜನನ: 21 ಏಪ್ರಿಲ್ 1816 – ಮರಣ: 31 ಮಾರ್ಚ್ 1855) ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಸಾಹಿತ್ಯದ ಪ್ರಮುಖ ಕಾದಂಬರಿಕಾರ್ತಿ. 1847ರಲ್ಲಿ ಪ್ರಕಟವಾದ 'ಜೇನ್ ಐರ್' ಇವರ ಅತ್ಯಂತ ಪ್ರಸಿದ್ಧ ಕೃತಿ. 'ವದರಿಂಗ್ ಹೈಟ್ಸ್' ಬರೆದ ಎಮಿಲಿ ಬ್ರಾಂಟೆ ಹಾಗೂ 'ಆಗ್ನೆಸ್ ಗ್ರೇ' ಬರೆದ ಆನ್ ಬ್ರಾಂಟೆ ಇವರ ತಂಗಿಯರು. ಷಾರ್ಲೆಟ್ ಅವರ ಹೆಸರು ಲೋಕಕ್ಕೆ ತಿಳಿದದ್ದು ಮೂವತ್ತರ ನಂತರವಾದರೂ ಅವರು ಕಥೆ ಬರೆಯಲು ತೊಡಗಿದ್ದು ಹತ್ತು ಹನ್ನೆರಡನೆಯ ವಯಸ್ಸಿನಲ್ಲಿ. ಅಲ್ಲಿಂದ ಸುಮಾರು ಇಪ್ಪತ್ತಮೂರನೆಯ ವಯಸ್ಸಿನವರೆಗೆ ಒಂದು ಕಲ್ಪಿತ ರಾಜ್ಯದ ಕಥೆಗಳನ್ನು ಅವರು ಎಡೆಬಿಡದೆ ಬರೆದರು. ಆ ಎಳವೆಯ ಬರಹಗಳ ಒಟ್ಟು ಗಾತ್ರವು ಅವರ ಪ್ರಕಟಿತ ಕಾದಂಬರಿಗಳ ಗಾತ್ರವನ್ನು ಮೀರುತ್ತದೆಂದು ವಿದ್ವಾಂಸರು ಗುರುತಿಸಿದ್ದಾರೆ. ಬರೆಯುವ ಹಂಬಲವುಳ್ಳ ಒಬ್ಬ ಹುಡುಗಿಯ ಸಂತೋಷವೂ ಸಂಕಟವೂ ಇಷ್ಟು ವಿವರವಾಗಿ ದಾಖಲಾಗಿ ಉಳಿದಿರುವ ಉದಾಹರಣೆಗಳು ಸಾಹಿತ್ಯಚರಿತ್ರೆಯಲ್ಲಿ ವಿರಳ.

ಜನನ ಮತ್ತು ಕುಟುಂಬ

ಷಾರ್ಲೆಟ್ ಇಂಗ್ಲೆಂಡಿನ ಉತ್ತರ ಭಾಗದ ಯಾರ್ಕ್‌ಷೈರ್ ಪ್ರಾಂತ್ಯದ ಥಾರ್ನ್‌ಟನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಪ್ಯಾಟ್ರಿಕ್ ಬ್ರಾಂಟೆ ಐರ್ಲೆಂಡಿನ ಬಡ ಕುಟುಂಬದಲ್ಲಿ ಹುಟ್ಟಿ, ಸ್ವಂತ ಪರಿಶ್ರಮದಿಂದ ಕೇಂಬ್ರಿಜ್ ವಿಶ್ವವಿದ್ಯಾಲಯದಲ್ಲಿ ಓದಿ ಪಾದ್ರಿಯಾದವರು. ತಾಯಿ ಮರಿಯಾ ಬ್ರಾನ್‌ವೆಲ್ ಕಾರ್ನ್‌ವಾಲ್ ಪ್ರಾಂತ್ಯದ ಪೆನ್‌ಜಾನ್ಸ್ ಊರಿನವರು. ಈ ದಂಪತಿಗಳಿಗೆ ಆರು ಮಕ್ಕಳು: ಮರಿಯಾ, ಎಲಿಜಬೆತ್, ಷಾರ್ಲೆಟ್, ಬ್ರಾನ್‌ವೆಲ್, ಎಮಿಲಿ ಮತ್ತು ಆನ್. ಇವರಲ್ಲಿ ಬ್ರಾನ್‌ವೆಲ್ ಒಬ್ಬನೇ ಗಂಡುಮಗ.

1820ರಲ್ಲಿ ತಂದೆಗೆ ಹಾವರ್ತ್ ಎಂಬ ಗುಡ್ಡದ ಮೇಲಿನ ಊರಿನ ಚರ್ಚಿನ ಹೊಣೆ ದೊರೆತು, ಕುಟುಂಬವು ಅಲ್ಲಿನ ಪಾದ್ರಿಮನೆಗೆ ಬಂದು ನೆಲೆಸಿತು. ಮನೆಯ ಮುಂದೆ ಸ್ಮಶಾನ, ಹಿಂದೆ ಕಣ್ಣು ಹಾಯುವವರೆಗೂ ಗಾಳಿ ಬೀಸುವ ಬೀಳುಭೂಮಿ. ಮರುವರ್ಷವೇ, 1821ರ ಸೆಪ್ಟೆಂಬರಿನಲ್ಲಿ, ತಾಯಿ ತೀರಿಕೊಂಡರು. ಆಗ ಷಾರ್ಲೆಟ್ ಅವರಿಗೆ ಐದು ವರ್ಷ. ತಾಯಿಯ ಅಕ್ಕ ಎಲಿಜಬೆತ್ ಬ್ರಾನ್‌ವೆಲ್ ಅಲ್ಲಿಯೇ ಉಳಿದು ಮಕ್ಕಳನ್ನು ಸಾಕಿದರು.

1824ರಲ್ಲಿ ಮೊದಲ ನಾಲ್ವರು ಹೆಣ್ಣುಮಕ್ಕಳನ್ನು ಕೋವನ್ ಬ್ರಿಜ್ ಎಂಬಲ್ಲಿದ್ದ, ಪಾದ್ರಿಗಳ ಹೆಣ್ಣುಮಕ್ಕಳಿಗಾಗಿ ನಡೆಯುತ್ತಿದ್ದ ವಸತಿಶಾಲೆಗೆ ಸೇರಿಸಲಾಯಿತು. ಅಲ್ಲಿ ಆಹಾರ ಕೆಟ್ಟದಾಗಿತ್ತು, ಚಳಿ ತಡೆಯಲಾಗದಷ್ಟಿತ್ತು, ಶಿಸ್ತು ಕಠೋರವಾಗಿತ್ತು. ಹಿರಿಯರಾದ ಮರಿಯಾ ಮತ್ತು ಎಲಿಜಬೆತ್ ಇಬ್ಬರೂ ಕ್ಷಯರೋಗಕ್ಕೆ ತುತ್ತಾಗಿ 1825ರ ಮೇ ಮತ್ತು ಜೂನ್ ತಿಂಗಳುಗಳಲ್ಲಿ ಒಬ್ಬರ ಹಿಂದೆ ಒಬ್ಬರು ಮರಣ ಹೊಂದಿದರು. ಷಾರ್ಲೆಟ್ ಮತ್ತು ಎಮಿಲಿ ಅವರನ್ನು ಮನೆಗೆ ಕರೆತರಲಾಯಿತು. ಒಂಬತ್ತನೆಯ ವಯಸ್ಸಿನಲ್ಲಿ ಷಾರ್ಲೆಟ್ ಇದ್ದಕ್ಕಿದ್ದಂತೆ ಮನೆಯ ಹಿರಿಯ ಮಗಳಾದರು. ಈ ಶಾಲೆಯ ನೆನಪೇ ಮುಂದೆ 'ಜೇನ್ ಐರ್' ಕಾದಂಬರಿಯ ಲೋವುಡ್ ಶಾಲೆಯಾಗಿ ರೂಪುಗೊಂಡಿತು.

ಮರದ ಸೈನಿಕರು ಮತ್ತು ಗ್ಲಾಸ್ ಟೌನ್

ನಂತರದ ಐದಾರು ವರ್ಷ ನಾಲ್ವರು ಮಕ್ಕಳೂ ಮನೆಯಲ್ಲೇ ಕಲಿತರು. ತಂದೆ ಮಕ್ಕಳ ಓದಿಗೆ ಅಷ್ಟಾಗಿ ಅಡ್ಡಿ ಮಾಡುತ್ತಿರಲಿಲ್ಲ. ಬೈಬಲ್, ಮಿಲ್ಟನ್, ಬೈರನ್, ವಾಲ್ಟರ್ ಸ್ಕಾಟ್, ಅರೇಬಿಯನ್ ನೈಟ್ಸ್ ಕಥೆಗಳು, ವೃತ್ತಪತ್ರಿಕೆಗಳು, 'ಬ್ಲ್ಯಾಕ್‌ವುಡ್ಸ್' ಎಂಬ ಪ್ರಸಿದ್ಧ ಮಾಸಪತ್ರಿಕೆ – ಇವೆಲ್ಲವೂ ಅವರ ಕೈಗೆ ಸಿಗುತ್ತಿದ್ದವು. ಅಡುಗೆಮನೆಯಲ್ಲಿ ಟ್ಯಾಬಿ ಎಂಬ ವಯಸ್ಸಾದ ಸೇವಕಿ ಊರಿನ ಹಳೆಯ ಕಥೆಗಳನ್ನು, ದೆವ್ವ ಮತ್ತು ಕಿನ್ನರಿಯರ ಸಂಗತಿಗಳನ್ನು ಹೇಳುತ್ತಿದ್ದರು.

1826ರ ಜೂನ್ ತಿಂಗಳಿನಲ್ಲಿ ತಂದೆ ಲೀಡ್ಸ್ ನಗರದಿಂದ ಮರಳುವಾಗ ಬ್ರಾನ್‌ವೆಲ್‌ಗಾಗಿ ಹನ್ನೆರಡು ಮರದ ಸೈನಿಕರ ಗೊಂಬೆಗಳನ್ನು ತಂದರು. ಪ್ರತಿಯೊಬ್ಬರೂ ಒಂದೊಂದು ಗೊಂಬೆಯನ್ನು ತಮ್ಮದೆಂದು ಆರಿಸಿಕೊಂಡು ಹೆಸರಿಟ್ಟರು. ಷಾರ್ಲೆಟ್ ತಮ್ಮ ಗೊಂಬೆಗೆ ಇಟ್ಟ ಹೆಸರು ವೆಲಿಂಗ್ಟನ್. ವಾಟರ್‌ಲೂ ಯುದ್ಧದಲ್ಲಿ ಗೆದ್ದ ಆ ಸೇನಾಪತಿ ಅವರ ಆರಾಧ್ಯ ವ್ಯಕ್ತಿಯಾಗಿದ್ದರು. ಬ್ರಾನ್‌ವೆಲ್ ಆರಿಸಿದ್ದು ಬೋನಪಾರ್ಟೆಯನ್ನು. ಈ ಆಟವೇ ಕಥೆಗಳ ಮೂಲವಾಯಿತು. ಹನ್ನೆರಡು ಸಾಹಸಿಗಳು ಹಡಗೇರಿ ಪಶ್ಚಿಮ ಆಫ್ರಿಕಾದ ಕರಾವಳಿಯನ್ನು ತಲುಪಿ ಅಲ್ಲಿ ಗ್ಲಾಸ್ ಟೌನ್ ಎಂಬ ನಗರವನ್ನು ಕಟ್ಟುತ್ತಾರೆ. ನಾಲ್ವರು ಮಕ್ಕಳು ಆ ಲೋಕದ ಮಾಂತ್ರಿಕ ಶಕ್ತಿಗಳು; ಸತ್ತವರನ್ನು ಬದುಕಿಸುವ, ನಗರಗಳನ್ನು ಎಬ್ಬಿಸುವ, ಉರುಳಿಸುವ ಅಧಿಕಾರ ಅವರದು. ತಾಯಿಯನ್ನೂ ಇಬ್ಬರು ಅಕ್ಕಂದಿರನ್ನೂ ಕಳೆದುಕೊಂಡ ಮಕ್ಕಳಿಗೆ ಸತ್ತವರನ್ನು ಎಬ್ಬಿಸಬಲ್ಲ ಆಟ ಏಕೆ ಅಷ್ಟು ಪ್ರಿಯವಾಯಿತೆಂಬುದನ್ನು ಊಹಿಸುವುದು ಕಷ್ಟವಲ್ಲ.

ಆಟದ ಈ ಇತಿಹಾಸವನ್ನು ಷಾರ್ಲೆಟ್ 1829ರ ಮಾರ್ಚ್ ತಿಂಗಳಿನಲ್ಲಿ, ಇನ್ನೂ ಹನ್ನೆರಡು ವರ್ಷದವರಾಗಿದ್ದಾಗ, ಬರೆದಿಟ್ಟರು. ಯಾವ ಆಟ ಯಾವ ವರ್ಷ ಆರಂಭವಾಯಿತು, ಮನೆಗೆ ಯಾವ ಪತ್ರಿಕೆಗಳು ಬರುತ್ತವೆ, ತಾನು ಬರೆಯುತ್ತಿರುವ ಹೊತ್ತಿನಲ್ಲಿ ಮನೆಯವರೆಲ್ಲ ಏನು ಮಾಡುತ್ತಿದ್ದಾರೆ ಎಂಬ ವಿವರಗಳು ಅದರಲ್ಲಿವೆ. ಬ್ರಾಂಟೆ ಕುಟುಂಬದ ಬಾಲ್ಯದ ಬಗ್ಗೆ ಇಂದು ತಿಳಿದಿರುವ ಎಷ್ಟೋ ಸಂಗತಿಗಳಿಗೆ ಈ ಬರಹವೇ ಆಧಾರ.

ಪುಟಾಣಿ ಪುಸ್ತಕಗಳು

1829ರ ಜನವರಿಯಲ್ಲಿ ಬ್ರಾನ್‌ವೆಲ್ ಗ್ಲಾಸ್ ಟೌನ್ ಪ್ರಜೆಗಳಿಗಾಗಿ ಒಂದು ಪತ್ರಿಕೆಯನ್ನು ಆರಂಭಿಸಿದರು. ಅದೇ ವರ್ಷದ ಆಗಸ್ಟಿನಲ್ಲಿ ಷಾರ್ಲೆಟ್ ಅದರ ಸಂಪಾದಕತ್ವವನ್ನು ವಹಿಸಿಕೊಂಡರು. ಪತ್ರಿಕೆಯನ್ನು ಓದಬೇಕಾದವರು ಮರದ ಸೈನಿಕರಾದ್ದರಿಂದ ಅದರ ಗಾತ್ರವೂ ಅವರ ಕೈಗೆ ತಕ್ಕಂತಿತ್ತು: ಅಗಲ ಮೂರೂವರೆ ಸೆಂಟಿಮೀಟರ್, ಉದ್ದ ಆರು ಸೆಂಟಿಮೀಟರ್, ಅಂದರೆ ಬೆಂಕಿಪೊಟ್ಟಣದಷ್ಟು. ಕಾಗದ ದುಬಾರಿಯಾಗಿದ್ದ ಕಾಲವದು. ಸಕ್ಕರೆ ಕಟ್ಟಿಕೊಟ್ಟ ಕಾಗದ, ಹಳೆಯ ಪೊಟ್ಟಣದ ಕಾಗದ ಮುಂತಾದವುಗಳಿಂದ ಹೊದಿಕೆ ಮಾಡಿ, ಹಾಳೆಗಳನ್ನು ಸೂಜಿದಾರದಿಂದ ಹೊಲಿಯುತ್ತಿದ್ದರು. ಅಕ್ಷರಗಳನ್ನು ಅಚ್ಚಿನ ಮೊಳೆಗಳಂತೆ ಬಿಡಿಬಿಡಿಯಾಗಿ, ಇಂದು ಭೂತಗನ್ನಡಿಯಿಲ್ಲದೆ ಓದಲಾಗದಷ್ಟು ಸಣ್ಣದಾಗಿ ಬರೆಯುತ್ತಿದ್ದರು. ಷಾರ್ಲೆಟ್ ಅವರಿಗೆ ತೀವ್ರವಾದ ಸಮೀಪದೃಷ್ಟಿ ದೋಷವಿತ್ತು; ಪುಟಕ್ಕೆ ಮುಖವಿಟ್ಟು ಬರೆಯುವುದು ಅವರಿಗೆ ಅಭ್ಯಾಸವಾಗಿತ್ತು.

ಈ ಪುಸ್ತಕಗಳು ನಿಜವಾದ ಪತ್ರಿಕೆಗಳ ರೂಪವನ್ನೇ ಅನುಸರಿಸಿದ್ದವು. ಮುಖಪುಟ, ವಿಷಯಸೂಚಿ, ಕಥೆ, ಕವಿತೆ, ಪುಸ್ತಕ ವಿಮರ್ಶೆ, ಜಾಹೀರಾತು, ಸಂಪಾದಕರಿಗೆ ಪತ್ರ ಎಲ್ಲವೂ ಇದ್ದವು. ಷಾರ್ಲೆಟ್ ತಮ್ಮ ಹೆಸರಿನಲ್ಲಿ ಬರೆಯುವುದರ ಜೊತೆಗೆ ಕ್ಯಾಪ್ಟನ್ ಟ್ರೀ, ಲಾರ್ಡ್ ಚಾರ್ಲ್ಸ್ ವೆಲ್ಲೆಸ್ಲಿ ಮುಂತಾದ ಗಂಡು ಲೇಖಕರನ್ನು ಸೃಷ್ಟಿಸಿಕೊಂಡರು. ಈ ಕಲ್ಪಿತ ಲೇಖಕರು ಒಬ್ಬರನ್ನೊಬ್ಬರು ಟೀಕಿಸುತ್ತಿದ್ದರು, ಗೇಲಿ ಮಾಡುತ್ತಿದ್ದರು. ಒಂದೇ ಘಟನೆಯನ್ನು ಬೇರೆ ಬೇರೆ ನಿರೂಪಕರ ಬಾಯಲ್ಲಿ ಹೇಳಿಸುವ ಕಲೆಯನ್ನು ಅವರು ಹೀಗೆ ಆಟವಾಡುತ್ತಲೇ ಕಲಿತರು. 1830ರ ಆಗಸ್ಟಿನಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ತಾವು ಅದುವರೆಗೆ ಬರೆದು ಮುಗಿಸಿದ ಪುಸ್ತಕಗಳ ಪಟ್ಟಿಯೊಂದನ್ನು ಅವರು ತಯಾರಿಸಿದರು. ಅದರಲ್ಲಿ 22 ಸಂಪುಟಗಳ ಹೆಸರಿದೆ.

ಸಣ್ಣ ಅಕ್ಷರಕ್ಕೆ ಇನ್ನೊಂದು ಪ್ರಯೋಜನವೂ ಇತ್ತು. ದೊಡ್ಡವರಿಗೆ ಅದನ್ನು ಓದುವುದು ಸುಲಭವಿರಲಿಲ್ಲ. ಹಾಗಾಗಿ ಮಕ್ಕಳ ಲೋಕ ಮಕ್ಕಳದ್ದಾಗಿಯೇ ಉಳಿಯಿತು. ತಂದೆ ಒಮ್ಮೆ ಷಾರ್ಲೆಟ್ ಅವರಿಗೆ ಬರೆಯಲು ಒಂದು ಪುಸ್ತಕವನ್ನು ಕೊಟ್ಟು, ಇದರಲ್ಲಿ ಬರೆಯುವುದೆಲ್ಲ ಸ್ಪಷ್ಟವಾಗಿ ಓದುವಂತಿರಬೇಕು ಎಂದು ಅದರ ಮೇಲೆ ಸೂಚನೆ ಬರೆದಿದ್ದುಂಟು.

ರೋ ಹೆಡ್ ಶಾಲೆಯ ವಿದ್ಯಾರ್ಥಿನಿ

1831ರ ಜನವರಿಯಲ್ಲಿ ಹದಿನಾಲ್ಕು ವರ್ಷದ ಷಾರ್ಲೆಟ್ ಮರ್ಫೀಲ್ಡ್ ಬಳಿಯ ರೋ ಹೆಡ್ ಶಾಲೆಗೆ ಸೇರಿದರು. ಮಾರ್ಗರೆಟ್ ವೂಲರ್ ಎಂಬುವರು ನಡೆಸುತ್ತಿದ್ದ ಈ ಶಾಲೆ ಚಿಕ್ಕದು, ಸೌಮ್ಯವಾದದ್ದು. ಅಲ್ಲಿ ಎಲೆನ್ ನಸ್ಸಿ ಮತ್ತು ಮೇರಿ ಟೇಲರ್ ಎಂಬ ಇಬ್ಬರು ಜೀವಮಾನದ ಗೆಳತಿಯರು ದೊರೆತರು. ರಾತ್ರಿ ಮಲಗುವ ಕೋಣೆಯಲ್ಲಿ ಷಾರ್ಲೆಟ್ ಕಥೆ ಹೇಳುತ್ತಿದ್ದರು. ಒಮ್ಮೆ ಅವರು ಹೇಳಿದ ಭಯಾನಕ ಕಥೆಗೆ ಒಬ್ಬ ಹುಡುಗಿ ಎಷ್ಟು ಹೆದರಿದಳೆಂದರೆ ಶಿಕ್ಷಕಿಯರು ಓಡಿಬರಬೇಕಾಯಿತು.

ಆದರೆ ಬರೆದದ್ದನ್ನು ಹೊರಗಿನವರಿಗೆ ತೋರಿಸುವ ಮಾತು ಬಂದಾಗ ಅವರು ಹಿಂಜರಿದರು. ಮನೆಯಲ್ಲಿ ಪತ್ರಿಕೆ ನಡೆಸುವ ಸಂಗತಿಯನ್ನು ಮೇರಿ ಟೇಲರ್ ಅವರಿಗೆ ಹೇಳಿ, ಅದನ್ನು ತೋರಿಸುವುದಾಗಿ ಮಾತು ಕೊಟ್ಟರು. ಆಮೇಲೆ ಆ ಮಾತನ್ನು ಹಿಂತೆಗೆದುಕೊಂಡರು. ಎಷ್ಟು ಕೇಳಿಕೊಂಡರೂ ತೋರಿಸಲಿಲ್ಲ. ಬ್ರಾಂಟೆ ಮಕ್ಕಳು ಕತ್ತಲ ನೆಲಮಾಳಿಗೆಯಲ್ಲಿ ಆಲೂಗಡ್ಡೆ ಬೆಳೆಯುವವರಂತೆ ಇದ್ದಾರೆಂದು ಮೇರಿ ಟೀಕಿಸಿದಾಗ ಷಾರ್ಲೆಟ್ ಬೇಸರದಿಂದಲೇ ಅದನ್ನು ಒಪ್ಪಿಕೊಂಡರು.

ಇದೇ ಅವಧಿಯಲ್ಲಿ ಎಮಿಲಿ ಮತ್ತು ಆನ್ ಅಕ್ಕ-ಅಣ್ಣಂದಿರ ಗ್ಲಾಸ್ ಟೌನ್ ಆಟದಿಂದ ಬೇರೆಯಾಗಿ ಗೊಂಡಾಲ್ ಎಂಬ ತಮ್ಮದೇ ರಾಜ್ಯವನ್ನು ಕಟ್ಟಿಕೊಂಡರು. 1832ರಲ್ಲಿ ಶಾಲೆ ಮುಗಿಸಿ ಮರಳಿದ ಷಾರ್ಲೆಟ್ ಹಗಲು ತಂಗಿಯರಿಗೆ ಪಾಠ ಹೇಳುತ್ತ, ಉಳಿದ ಹೊತ್ತಿನಲ್ಲಿ ಬ್ರಾನ್‌ವೆಲ್ ಜೊತೆಗೂಡಿ ಹಳೆಯ ಲೋಕವನ್ನು ಮುಂದುವರಿಸಿದರು.

ಆಂಗ್ರಿಯಾ

1833 ಮತ್ತು 1834 ಷಾರ್ಲೆಟ್ ಅತ್ಯಂತ ಹುರುಪಿನಿಂದ ಬರೆದ ವರ್ಷಗಳು. 'ದಿ ಗ್ರೀನ್ ಡ್ವಾರ್ಫ್', 'ದಿ ಫೌಂಡ್ಲಿಂಗ್', 'ದಿ ಸ್ಪೆಲ್' ಮುಂತಾದ ನೀಳ್ಗತೆಗಳು ಹದಿನೇಳು ಹದಿನೆಂಟರ ವಯಸ್ಸಿನ ರಚನೆಗಳು. ಗ್ಲಾಸ್ ಟೌನ್ ಈಗ ವರ್ಡೋಪೊಲಿಸ್ ಎಂಬ ವೈಭವದ ರಾಜಧಾನಿಯಾಗಿ ಬೆಳೆದಿತ್ತು. 1834ರಲ್ಲಿ ಅದರ ಪೂರ್ವಕ್ಕೆ ಆಂಗ್ರಿಯಾ ಎಂಬ ಹೊಸ ರಾಜ್ಯ ಸ್ಥಾಪನೆಯಾಯಿತು. ಅದರ ದೊರೆ ಝಮೋರ್ನಾ. ವೆಲಿಂಗ್ಟನ್ನನ ಮಗನಾದ ಈತ ರೂಪವಂತ, ಪರಾಕ್ರಮಿ, ಹೆಣ್ಣುಗಳ ವಿಷಯದಲ್ಲಿ ಕ್ರೂರಿ. ಬೈರನ್ ಕಾವ್ಯದ ನಾಯಕರ ನೆರಳು ಈ ಪಾತ್ರದಲ್ಲಿ ಸ್ಪಷ್ಟವಾಗಿದೆ. ಅವನ ಎದುರಾಳಿಯಾದ ನಾರ್ತ್ಯಾಂಗರ್‌ಲ್ಯಾಂಡ್ ಬ್ರಾನ್‌ವೆಲ್ ಸೃಷ್ಟಿಸಿದ ಪಾತ್ರ. ಬ್ರಾನ್‌ವೆಲ್ ಯುದ್ಧ, ರಾಜಕೀಯ, ದಂಗೆಗಳನ್ನು ಬರೆದರೆ ಷಾರ್ಲೆಟ್ ಅರಮನೆಗಳ ಒಳಗಿನ ಪ್ರೇಮ, ಅಸೂಯೆ, ದ್ರೋಹಗಳನ್ನು ಬರೆದರು.

ಈ ಕಥೆಗಳಲ್ಲಿ ಕೊರತೆಗಳಿಲ್ಲದಿಲ್ಲ. ವರ್ಣನೆಗಳು ಅತಿಯಾಗಿವೆ, ಕಥೆಯ ಎಳೆ ಅಲ್ಲಲ್ಲಿ ಸಿಕ್ಕಾಗುತ್ತದೆ, ಮುಗಿಯದೆ ನಿಂತ ಬರಹಗಳು ಹಲವು. ಆಫ್ರಿಕಾದ ನೆಲವನ್ನು ಅಲ್ಲಿನ ಜನರಿಂದ ಗೆದ್ದುಕೊಳ್ಳುವುದನ್ನು ಸಹಜವೆಂಬಂತೆ ಚಿತ್ರಿಸಿರುವುದರಲ್ಲಿ, ಅಂದಿನ ಬ್ರಿಟಿಷ್ ಪತ್ರಿಕೆಗಳ ವಸಾಹತುಶಾಹಿ ಧೋರಣೆ ಮಕ್ಕಳ ಮನಸ್ಸಿಗೆ ಹೇಗೆ ಇಳಿದಿತ್ತೆಂಬುದು ಕಾಣುತ್ತದೆ. ಇತ್ತೀಚಿನ ವಿಮರ್ಶಕರು ಈ ಅಂಶವನ್ನು ವಿಶೇಷವಾಗಿ ಚರ್ಚಿಸಿದ್ದಾರೆ.

ಶಿಕ್ಷಕಿಯಾಗಿ ಬರೆಯಲಾಗದ ದಿನಗಳು

1835ರ ಜುಲೈ ತಿಂಗಳಿನಲ್ಲಿ ಹತ್ತೊಂಬತ್ತು ವರ್ಷದ ಷಾರ್ಲೆಟ್ ಅದೇ ರೋ ಹೆಡ್ ಶಾಲೆಗೆ ಶಿಕ್ಷಕಿಯಾಗಿ ಹೋದರು. ಸಂಬಳದ ಒಂದು ಭಾಗವಾಗಿ ತಂಗಿಗೆ ಅಲ್ಲಿ ಉಚಿತ ಶಿಕ್ಷಣ ದೊರೆಯುತ್ತಿತ್ತು. ಮೊದಲು ಎಮಿಲಿ ಬಂದರು. ಮನೆಯ ಹಂಬಲದಿಂದ ಅವರು ಕೆಲವೇ ತಿಂಗಳಲ್ಲಿ ಸೊರಗಿದ್ದರಿಂದ ಅವರ ಬದಲು ಆನ್ ಬಂದರು. ಷಾರ್ಲೆಟ್ ಮಾತ್ರ ಬಿಟ್ಟು ಹೋಗುವಂತಿರಲಿಲ್ಲ.

ಬೆಳಗಿನಿಂದ ರಾತ್ರಿಯವರೆಗೆ ಪಾಠ, ಪಾಠವಿಲ್ಲದಾಗ ಬಟ್ಟೆ ಹೊಲಿಗೆ, ಅದರ ನಡುವೆ ಮಕ್ಕಳ ಮೇಲ್ವಿಚಾರಣೆ. ಬರೆಯಲು ಬಿಡುವೂ ಇರಲಿಲ್ಲ, ಏಕಾಂತವೂ ಇರಲಿಲ್ಲ. 1836 ಮತ್ತು 1837ರಲ್ಲಿ ಬಿಡಿ ಹಾಳೆಗಳ ಮೇಲೆ ಅವರು ಬರೆದ ಕೆಲವು ಟಿಪ್ಪಣಿಗಳು ಉಳಿದಿವೆ. ಇವನ್ನು ರೋ ಹೆಡ್ ದಿನಚರಿ ಎಂದು ಕರೆಯುತ್ತಾರೆ. ಹೊರಗೆ ಗಾಳಿಯ ಸದ್ದು ಕೇಳಿದೊಡನೆ ಹಾವರ್ತ್ ನೆನಪಾಗುವುದು, ಅದರೊಡನೆ ಆಂಗ್ರಿಯಾದ ಒಂದು ದೃಶ್ಯ ಕಣ್ಣೆದುರು ನಿಜವಾಗಿ ನಡೆಯುತ್ತಿರುವಂತೆ ತೆರೆದುಕೊಳ್ಳುವುದು, ಅಷ್ಟರಲ್ಲಿ ಯಾರೋ ಒಬ್ಬ ವಿದ್ಯಾರ್ಥಿನಿ ಪಾಠ ಒಪ್ಪಿಸಲು ಬಂದು ನಿಂತು ದೃಶ್ಯ ಒಡೆದುಹೋಗುವುದು – ಇವನ್ನೆಲ್ಲ ಅವರು ಅಲ್ಲಿ ಬರೆದಿದ್ದಾರೆ. ಆ ಕ್ಷಣದ ಸಿಟ್ಟು, ವಾಕರಿಕೆ, ಮಕ್ಕಳ ಮಂದಬುದ್ಧಿಯ ಬಗೆಗಿನ ತಾತ್ಸಾರ ಯಾವುದನ್ನೂ ಅವರು ಮರೆಮಾಚಿಲ್ಲ. ಕೆಲವು ಹಾಳೆಗಳನ್ನು ಕಣ್ಣು ಮುಚ್ಚಿಕೊಂಡೇ ಬರೆದಿದ್ದಾರೆಂದು ಹೇಳಲಾಗುತ್ತದೆ. ಸುತ್ತಲಿನ ತರಗತಿಯನ್ನು ಕಾಣದೆ ಒಳಗಿನ ದೃಶ್ಯವನ್ನು ಹಿಡಿದಿಟ್ಟುಕೊಳ್ಳುವ ಉಪಾಯ ಅದು. ಶಾಲೆಯಲ್ಲಿ ಕಾಡಿದ ಈ ಹಸಿವನ್ನು ಅವರು ರಜೆಯ ದಿನಗಳಲ್ಲಿ ಹಾವರ್ತ್‌ಗೆ ಬಂದು ಬರೆದು ತೀರಿಸಿಕೊಳ್ಳುತ್ತಿದ್ದರು.

ಇನ್ನೊಂದು ಕಳವಳವೂ ಇತ್ತು. ಷಾರ್ಲೆಟ್ ದೂರವಿದ್ದಾಗ ಆಂಗ್ರಿಯಾದ ಕಥೆ ಬ್ರಾನ್‌ವೆಲ್ ಕೈಯಲ್ಲಿತ್ತು. ಅವರು ರಾಜ್ಯವನ್ನು ಯುದ್ಧಕ್ಕೆ ದೂಡಿ, ಝಮೋರ್ನಾನ ಪತ್ನಿ ಮೇರಿಯನ್ನು ಸಾಯಿಸಿದರು. ಆಕೆ ಷಾರ್ಲೆಟ್ ಅವರಿಗೆ ಪ್ರಿಯವಾದ ಪಾತ್ರ. ಮುಂದೆ ಷಾರ್ಲೆಟ್ ತಮ್ಮ ಬರಹದಲ್ಲಿ ಮೇರಿ ಸತ್ತಿಲ್ಲವೆಂದು ಕಥೆಯನ್ನು ತಿರುಗಿಸಿ ಆಕೆಯನ್ನು ಮರಳಿ ತಂದರು.

ಎಲ್ಲಕ್ಕಿಂತ ಆಳವಾದದ್ದು ಧಾರ್ಮಿಕ ಅಳುಕು. ಪಾದ್ರಿಯ ಮಗಳಾಗಿ, ದೇವರ ಧ್ಯಾನಕ್ಕಿಂತ ಹೆಚ್ಚಾಗಿ ಒಬ್ಬ ಕಲ್ಪಿತ ದುರಾಚಾರಿ ದೊರೆಯ ಧ್ಯಾನದಲ್ಲಿ ಮುಳುಗಿರುವುದು ಪಾಪವೆಂಬ ಭಾವನೆ ಅವರನ್ನು ಕಾಡಿತು. ಈ ಕಾಲದಲ್ಲಿ ಎಲೆನ್ ನಸ್ಸಿಯವರಿಗೆ ಬರೆದ ಪತ್ರಗಳಲ್ಲಿ ತಮ್ಮನ್ನು ಒಳಗಿನಿಂದ ಸುಡುವ ಕನಸುಗಳ ಬಗ್ಗೆ ಸೂಚನೆಗಳಿವೆ. ಆದರೆ ಆ ಕನಸು ಯಾವುದೆಂದು ಗೆಳತಿಗೂ ಅವರು ಬಿಡಿಸಿ ಹೇಳಲಿಲ್ಲ.

ಆಸ್ಥಾನಕವಿಗೆ ಬರೆದ ಪತ್ರ

1836ರ ಡಿಸೆಂಬರ್ ಕೊನೆಯಲ್ಲಿ, ಇಪ್ಪತ್ತು ವರ್ಷದ ಷಾರ್ಲೆಟ್ ಅಂದಿನ ಆಸ್ಥಾನಕವಿ ರಾಬರ್ಟ್ ಸದೇ ಅವರಿಗೆ ತಮ್ಮ ಕವಿತೆಗಳನ್ನು ಕಳುಹಿಸಿ ಅಭಿಪ್ರಾಯ ಕೇಳಿದರು. ಕವಿಯಾಗಿ ಕೀರ್ತಿ ಪಡೆಯುವ ಆಸೆಯನ್ನು ಮುಚ್ಚಿಡದೆ ತಿಳಿಸಿದರು. ಉತ್ತರ ಬಂದದ್ದು ಎರಡು ತಿಂಗಳು ಕಳೆದು, 1837ರ ಮಾರ್ಚಿನಲ್ಲಿ. ಷಾರ್ಲೆಟ್ ಅವರಿಗೆ ಪದ್ಯ ರಚಿಸುವ ಶಕ್ತಿ ಇದೆಯೆಂದು ಸದೇ ಒಪ್ಪಿಕೊಂಡರೂ, ಹಗಲುಗನಸು ಮನಸ್ಸನ್ನು ಕೆಡಿಸುತ್ತದೆಂದು ಎಚ್ಚರಿಸಿದರು. ಸಾಹಿತ್ಯವು ಹೆಣ್ಣಿನ ಬದುಕಿನ ಕಸುಬಾಗಲಾರದು, ಆಗಲೂಬಾರದು ಎಂದು ಬುದ್ಧಿ ಹೇಳಿದರು. ಕೀರ್ತಿಗಾಗಿ ಅಲ್ಲದೆ ಕವಿತೆಗಾಗಿಯೇ ಕವಿತೆ ಬರೆಯುವುದಕ್ಕೆ ಅಡ್ಡಿಯಿಲ್ಲವೆಂದೂ ಸೇರಿಸಿದರು.

ಷಾರ್ಲೆಟ್ ವಿನಯದಿಂದ ಮರುಪತ್ರ ಬರೆದು, ತಮ್ಮ ಕರ್ತವ್ಯಗಳನ್ನು ಕಡೆಗಣಿಸುತ್ತಿಲ್ಲವೆಂದು ತಿಳಿಸಿದರು. ಪಾಠ ಹೇಳುವಾಗ, ಹೊಲಿಯುವಾಗ ತಮ್ಮ ಮನಸ್ಸು ಓದು ಬರಹಗಳ ಕಡೆಗೆ ಎಳೆಯುತ್ತದೆಂಬುದನ್ನೂ ಒಪ್ಪಿಕೊಂಡರು. ಆ ವಿನಯದೊಳಗೆ ವ್ಯಂಗ್ಯವಿದೆಯೆಂದು ಕೆಲವು ವಿಮರ್ಶಕರು, ಪ್ರಾಮಾಣಿಕ ನೋವಿದೆಯೆಂದು ಇನ್ನು ಕೆಲವರು ಅಭಿಪ್ರಾಯಪಟ್ಟಿದ್ದಾರೆ. ಸದೇ ಎರಡನೆಯ ಬಾರಿ ಸೌಜನ್ಯದಿಂದ ಉತ್ತರಿಸಿದರು. ಷಾರ್ಲೆಟ್ ಆ ಸಲಹೆಯನ್ನು ಎಂದೆಂದಿಗೂ ಕಾಪಾಡಿಕೊಳ್ಳಬೇಕೆಂದು ತಮ್ಮ ಇಪ್ಪತ್ತೊಂದನೆಯ ಹುಟ್ಟುಹಬ್ಬದ ದಿನ ಲಕೋಟೆಯ ಮೇಲೆ ಬರೆದಿಟ್ಟರು. ಪತ್ರವನ್ನು ಕಾಪಾಡಿದರು, ಬರೆಯುವುದನ್ನು ಮಾತ್ರ ಬಿಡಲಿಲ್ಲ. ಅದೇ ವರ್ಷಾರಂಭದಲ್ಲಿ ಬ್ರಾನ್‌ವೆಲ್ ಕವಿ ವರ್ಡ್ಸ್‌ವರ್ತ್ ಅವರಿಗೆ ಬರೆದ ಪತ್ರಕ್ಕೆ ಉತ್ತರವೇ ಬರಲಿಲ್ಲ.

ಆಂಗ್ರಿಯಾಕ್ಕೆ ವಿದಾಯ

1838ರ ಕೊನೆಯಲ್ಲಿ ಷಾರ್ಲೆಟ್ ಶಾಲೆಯ ಕೆಲಸ ಬಿಟ್ಟು ಮನೆಗೆ ಮರಳಿದರು. 1836ರಿಂದ 1839ರವರೆಗಿನ 'ಮಿನಾ ಲಾರಿ', 'ಹೆನ್ರಿ ಹೇಸ್ಟಿಂಗ್ಸ್', 'ಕ್ಯಾರೋಲಿನ್ ವೆರ್ನನ್' ಮುಂತಾದ ಕಿರುಕಾದಂಬರಿಗಳಲ್ಲಿ ಒಂದು ಬದಲಾವಣೆ ಕಾಣುತ್ತದೆ. ಝಮೋರ್ನಾನ ಮೋಡಿ ಕ್ರಮೇಣ ತಗ್ಗುತ್ತದೆ. 'ಹೆನ್ರಿ ಹೇಸ್ಟಿಂಗ್ಸ್' ಕಥೆಯ ಎಲಿಜಬೆತ್ ಸಾಧಾರಣ ರೂಪದ, ತನ್ನ ದುಡಿಮೆಯಿಂದ ಬದುಕುವ, ಪ್ರೀತಿಸಿದವನ ಮುಂದೆಯೂ ಆತ್ಮಗೌರವ ಬಿಡದ ಯುವತಿ. ಜೇನ್ ಐರ್ ಪಾತ್ರದ ಮೊದಲ ರೂಪ ಆಕೆಯಲ್ಲಿದೆ.

1839ರ ಸುಮಾರಿಗೆ ಬರೆದ ಒಂದು ಚಿಕ್ಕ ಬರಹದಲ್ಲಿ ಷಾರ್ಲೆಟ್ ಆಂಗ್ರಿಯಾಕ್ಕೆ ವಿದಾಯ ಹೇಳಿದರು. ಇಷ್ಟು ವರ್ಷ ಪರಿಚಿತವಾದ ಮುಖಗಳನ್ನು ಬಿಟ್ಟು ಹೋಗುವುದು ನೋವಿನ ಸಂಗತಿಯೆಂದೂ, ಆದರೂ ಸದಾ ಉರಿಯುವ ಆ ಆಕಾಶದಿಂದ ಹೊರಟು ತಂಪಾದ, ಮೋಡ ಕವಿದ ನಾಡಿಗೆ ಹೋಗಬೇಕೆಂದೂ ಅವರು ಅಲ್ಲಿ ಹೇಳಿಕೊಂಡಿದ್ದಾರೆ. ನಿತ್ಯಜೀವನದ ವಾಸ್ತವದ ಕಡೆಗೆ ತಿರುಗುವ ಸಂಕಲ್ಪ ಅದು. ಅದು ಕೂಡಲೇ ಫಲಿಸಲಿಲ್ಲ. ಹೊಸ ರೀತಿಯಲ್ಲಿ ಆರಂಭಿಸಿದ ಒಂದು ಕಾದಂಬರಿಯ ಭಾಗವನ್ನು 1840ರಲ್ಲಿ ಕವಿ ಕೋಲ್‌ರಿಜ್ ಅವರ ಮಗ ಹಾರ್ಟ್ಲಿ ಕೋಲ್‌ರಿಜ್ ಅವರಿಗೆ ಕಳುಹಿಸಿದಾಗ ಬಂದ ಉತ್ತರ ಉತ್ತೇಜನಕರವಾಗಿರಲಿಲ್ಲ.

ಬ್ರಸೆಲ್ಸ್ ಮತ್ತು ಪ್ರಕಟಣೆಯ ಪ್ರಯತ್ನಗಳು

ಎರಡು ಮನೆಗಳಲ್ಲಿ ಮನೆಶಿಕ್ಷಕಿಯಾಗಿ ದುಡಿದ ನಂತರ, 1842ರಲ್ಲಿ ಷಾರ್ಲೆಟ್ ಎಮಿಲಿಯವರೊಡನೆ ಫ್ರೆಂಚ್ ಕಲಿಯಲು ಬೆಲ್ಜಿಯಂನ ಬ್ರಸೆಲ್ಸ್ ನಗರಕ್ಕೆ ಹೋದರು. ಅಲ್ಲಿನ ಗುರು ಕಾನ್‌ಸ್ಟಂಟಿನ್ ಎಜೆ ಅವರ ಪ್ರಬಂಧಗಳನ್ನು ನಿಷ್ಠುರವಾಗಿ ತಿದ್ದಿ, ಅನಗತ್ಯವಾದುದನ್ನು ಕತ್ತರಿಸುವುದನ್ನು ಕಲಿಸಿದರು. ಎಳವೆಯ ಬರಹಗಳಲ್ಲಿ ಇಲ್ಲದಿದ್ದ ಸಂಯಮ ಇಲ್ಲಿ ಅಭ್ಯಾಸವಾಯಿತು. ವಿವಾಹಿತರಾಗಿದ್ದ ಎಜೆಯವರ ಮೇಲೆ ಷಾರ್ಲೆಟ್ ಅವರಲ್ಲಿ ಮೂಡಿದ ಗಾಢವಾದ ಅನುರಾಗಕ್ಕೆ ಪ್ರತಿಸ್ಪಂದನ ದೊರೆಯಲಿಲ್ಲ. 1844ರ ಆರಂಭದಲ್ಲಿ ಅವರು ಹಾವರ್ತ್‌ಗೆ ಮರಳಿದರು.

1846ರಲ್ಲಿ ಮೂವರು ಸೋದರಿಯರು ಕರರ್, ಎಲಿಸ್ ಮತ್ತು ಆಕ್ಟನ್ ಬೆಲ್ ಎಂಬ ಗುಪ್ತನಾಮಗಳಲ್ಲಿ ಸ್ವಂತ ಖರ್ಚಿನಿಂದ ಕವನಸಂಕಲನವೊಂದನ್ನು ಪ್ರಕಟಿಸಿದರು. ಮೊದಲ ವರ್ಷ ಮಾರಾಟವಾದದ್ದು ಎರಡು ಪ್ರತಿ. ಷಾರ್ಲೆಟ್ ಅವರ ಮೊದಲ ಕಾದಂಬರಿ 'ದಿ ಪ್ರೊಫೆಸರ್' ಅನ್ನು ಪ್ರಕಾಶಕರು ಒಬ್ಬರಾದ ಮೇಲೊಬ್ಬರು ತಿರಸ್ಕರಿಸಿದರು. ಹಿಂದಿನ ಪ್ರಕಾಶಕರ ವಿಳಾಸಗಳಿಗೆ ಗೀಟು ಎಳೆದು, ಅದೇ ಹೊದಿಕೆಯಲ್ಲಿ ಹಸ್ತಪ್ರತಿಯನ್ನು ಮುಂದಿನವರಿಗೆ ಅವರು ಕಳುಹಿಸುತ್ತಿದ್ದರು. ಲಂಡನ್ನಿನ ಸ್ಮಿತ್, ಎಲ್ಡರ್ ಸಂಸ್ಥೆ ಅದನ್ನು ಸ್ವೀಕರಿಸದಿದ್ದರೂ, ಮೂರು ಸಂಪುಟಗಳ ಕಾದಂಬರಿಯನ್ನು ಬರೆದರೆ ಗಮನವಿಟ್ಟು ಓದುವುದಾಗಿ ಸೌಜನ್ಯದ ಪತ್ರ ಬರೆಯಿತು. ಷಾರ್ಲೆಟ್ ಕೂಡಲೇ 'ಜೇನ್ ಐರ್' ಅನ್ನು ಮುಗಿಸಿ ಕಳುಹಿಸಿದರು. 1847ರ ಅಕ್ಟೋಬರಿನಲ್ಲಿ ಅದು ಪ್ರಕಟವಾಗಿ ಅಪಾರ ಜನಪ್ರಿಯತೆ ಗಳಿಸಿತು.

ಕೊನೆಯ ವರ್ಷಗಳು

ಯಶಸ್ಸಿನ ಬೆನ್ನಲ್ಲೇ ಸಾವುಗಳ ಸರಣಿ ಬಂದಿತು. ಮದ್ಯ ಮತ್ತು ಅಫೀಮಿನ ಚಟಕ್ಕೆ ಬಿದ್ದಿದ್ದ ಬ್ರಾನ್‌ವೆಲ್ 1848ರ ಸೆಪ್ಟೆಂಬರಿನಲ್ಲಿ, ಎಮಿಲಿ ಅದೇ ವರ್ಷದ ಡಿಸೆಂಬರಿನಲ್ಲಿ, ಆನ್ 1849ರ ಮೇ ತಿಂಗಳಿನಲ್ಲಿ ತೀರಿಕೊಂಡರು. ಗ್ಲಾಸ್ ಟೌನ್ ಕಟ್ಟಿದ ನಾಲ್ವರಲ್ಲಿ ಷಾರ್ಲೆಟ್ ಒಬ್ಬರೇ ಉಳಿದರು. ಆ ದುಃಖದ ನಡುವೆ 'ಷರ್ಲಿ' (1849) ಮತ್ತು 'ವಿಲೆಟ್' (1853) ಕಾದಂಬರಿಗಳನ್ನು ಅವರು ಬರೆದರು. ಬ್ರಸೆಲ್ಸ್ ಅನುಭವವನ್ನು ಆಧರಿಸಿದ 'ವಿಲೆಟ್' ಅನ್ನು ಹಲವು ವಿಮರ್ಶಕರು ಅವರ ಅತ್ಯಂತ ಪಕ್ವವಾದ ಕೃತಿಯೆಂದು ಪರಿಗಣಿಸುತ್ತಾರೆ.

1854ರ ಜೂನ್ ತಿಂಗಳಿನಲ್ಲಿ ಅವರು ತಂದೆಯ ಸಹಾಯಕ ಪಾದ್ರಿಯಾಗಿದ್ದ ಆರ್ಥರ್ ಬೆಲ್ ನಿಕೊಲ್ಸ್ ಅವರನ್ನು ವಿವಾಹವಾದರು. ಗರ್ಭಿಣಿಯಾಗಿದ್ದಾಗ ತೀವ್ರ ಅಸ್ವಸ್ಥತೆಗೆ ಒಳಗಾಗಿ 1855ರ ಮಾರ್ಚ್ 31ರಂದು ತಮ್ಮ 38ನೆಯ ವಯಸ್ಸಿನಲ್ಲಿ ನಿಧನರಾದರು. 'ದಿ ಪ್ರೊಫೆಸರ್' ಅವರ ಮರಣಾನಂತರ, 1857ರಲ್ಲಿ ಪ್ರಕಟವಾಯಿತು.

ಹಸ್ತಪ್ರತಿಗಳ ಮುಂದಿನ ಕಥೆ

ಷಾರ್ಲೆಟ್ ಅವರ ಜೀವನಚರಿತ್ರೆಯನ್ನು 1857ರಲ್ಲಿ ಪ್ರಕಟಿಸಿದ ಕಾದಂಬರಿಕಾರ್ತಿ ಎಲಿಜಬೆತ್ ಗ್ಯಾಸ್ಕೆಲ್ ಈ ಪುಟಾಣಿ ಹಸ್ತಪ್ರತಿಗಳ ಕಟ್ಟನ್ನು ನೋಡಿ ಬೆರಗಾಗಿದ್ದರು. ಅದರ ಒಂದು ಪುಟದ ಪ್ರತಿರೂಪವನ್ನು ಪುಸ್ತಕದಲ್ಲಿ ಅಚ್ಚು ಹಾಕಿಸಿದರು. ಆದರೂ ಬರಹಗಳನ್ನು ಓದುವ ಕೆಲಸ ಬಹುಕಾಲ ನಡೆಯಲಿಲ್ಲ. ಐರ್ಲೆಂಡಿಗೆ ಮರಳಿದ್ದ ನಿಕೊಲ್ಸ್ ಅವುಗಳನ್ನು ಜೋಪಾನವಾಗಿ ಇರಿಸಿಕೊಂಡಿದ್ದರು. 1895ರಲ್ಲಿ ಅವರಿಂದ ಕೊಂಡುಕೊಂಡವರು ಹಸ್ತಪ್ರತಿಗಳನ್ನು ಬಿಡಿಬಿಡಿಯಾಗಿ ಮಾರಿದ್ದರಿಂದ ಅವು ಇಂಗ್ಲೆಂಡ್ ಮತ್ತು ಅಮೆರಿಕದ ಅನೇಕ ಸಂಗ್ರಹಗಳಲ್ಲಿ ಚದುರಿಹೋದವು. 1941ರಲ್ಲಿ ಫ್ಯಾನಿ ರ‍್ಯಾಚ್‌ಫರ್ಡ್ ಪ್ರಕಟಿಸಿದ ಅಧ್ಯಯನದಿಂದ ಬಾಲ್ಯದ ಈ ಕಥಾಜಾಲದ ವ್ಯಾಪ್ತಿ ಸಾಮಾನ್ಯ ಓದುಗರಿಗೂ ತಿಳಿಯಿತು. 1987ರಿಂದ ಕ್ರಿಸ್ಟೀನ್ ಅಲೆಕ್ಸಾಂಡರ್ ಇವುಗಳ ಶಾಸ್ತ್ರೀಯ ಆವೃತ್ತಿಯನ್ನು ಸಂಪಾದಿಸಿ ಹೊರತಂದರು.

ಹಾವರ್ತ್‌ನ ಪಾದ್ರಿಮನೆ 1928ರಿಂದ ವಸ್ತುಸಂಗ್ರಹಾಲಯವಾಗಿದೆ. ಷಾರ್ಲೆಟ್ ಹದಿನಾಲ್ಕನೆಯ ವಯಸ್ಸಿನಲ್ಲಿ ತಯಾರಿಸಿದ, 1830ರ ಒಂದು ಪುಟಾಣಿ ಪತ್ರಿಕೆಯನ್ನು 2019ರಲ್ಲಿ ಪ್ಯಾರಿಸ್‌ನ ಹರಾಜಿನಲ್ಲಿ ಬ್ರಾಂಟೆ ಸೊಸೈಟಿ 6,00,000 ಯೂರೊ ಕೊಟ್ಟು ಕೊಂಡು ಈ ಮನೆಗೆ ಮರಳಿಸಿತು. ನಾಲ್ಕು ಸಾವಿರಕ್ಕೂ ಹೆಚ್ಚು ಪದಗಳಿರುವ ಆ ಸಂಚಿಕೆಯ ಒಂದು ಕಥೆಯಲ್ಲಿ, ಪಾಪಪ್ರಜ್ಞೆಯಿಂದ ಹುಚ್ಚನಾದ ಕೊಲೆಗಾರನ ತಲೆಯೊಳಗಿನ ಬೆಂಕಿ ಹಾಸಿಗೆಯ ಪರದೆಗೆ ಹತ್ತಿಕೊಳ್ಳುತ್ತದೆ. ಹದಿನೇಳು ವರ್ಷಗಳ ನಂತರ 'ಜೇನ್ ಐರ್' ಕಾದಂಬರಿಯಲ್ಲಿ ಬರ್ತಾ ಹಾಸಿಗೆಗೆ ಬೆಂಕಿಯಿಡುವ ಪ್ರಸಿದ್ಧ ಸನ್ನಿವೇಶದ ಬೀಜವನ್ನು ಇಲ್ಲಿ ಗುರುತಿಸಲಾಗಿದೆ. ಹದಿಮೂರನೆಯ ವಯಸ್ಸಿನಲ್ಲಿ, 1829ರಲ್ಲಿ, ಬರೆದ ಹತ್ತು ಕವಿತೆಗಳ ಇನ್ನೊಂದು ಪುಟ್ಟ ಪುಸ್ತಕ 2022ರಲ್ಲಿ 12.5 ಲಕ್ಷ ಡಾಲರ್‌ಗೆ ಮಾರಾಟವಾಗಿ, ದಾನದ ರೂಪದಲ್ಲಿ ಅದೇ ವಸ್ತುಸಂಗ್ರಹಾಲಯವನ್ನು ಸೇರಿತು.

ಎಳವೆಯ ಬರಹಗಳ ಮಹತ್ವ

ಈ ಬರಹಗಳನ್ನು ಬಹುಕಾಲ ಮಕ್ಕಳಾಟವೆಂದು ಕಡೆಗಣಿಸಲಾಗಿತ್ತು. ಈಗ ಅವುಗಳನ್ನು ಹದಿಮೂರು ವರ್ಷಗಳ ಸ್ವಯಂಶಿಕ್ಷಣದ ದಾಖಲೆಯಾಗಿ ನೋಡಲಾಗುತ್ತಿದೆ. ಪ್ರಕಟಿಸುವ ಒತ್ತಡವಿಲ್ಲದೆ, ಒಪ್ಪಿ ಮೆಚ್ಚುವ ಒಡಹುಟ್ಟಿದವರೇ ಓದುಗರಾಗಿ, ಮನಸ್ಸಿಗೆ ತೋಚಿದ್ದನ್ನೆಲ್ಲ ಬರೆಯುವ ಸ್ವಾತಂತ್ರ್ಯ ಷಾರ್ಲೆಟ್ ಅವರಿಗೆ ದೊರೆತಿತ್ತು. ನಿರೂಪಣೆ, ಸಂಭಾಷಣೆ, ಪಾತ್ರಗಳ ಒಳಗುದಿ ಇವೆಲ್ಲ ಅಲ್ಲಿ ಪಳಗಿದವು. ಅದೇ ವೇಳೆ ಆ ಲೋಕ ಬಿಡಿಸಿಕೊಳ್ಳಲಾಗದ ಬಂಧನವೂ ಆಯಿತು. ಬ್ರಾನ್‌ವೆಲ್ ಬಹುಮಟ್ಟಿಗೆ ಅದರೊಳಗೇ ಉಳಿದರು. ನಾರ್ತ್ಯಾಂಗರ್‌ಲ್ಯಾಂಡ್ ಎಂಬ ಹೆಸರಿನಲ್ಲಿಯೇ ಪತ್ರಿಕೆಗಳಲ್ಲಿ ಕವಿತೆ ಪ್ರಕಟಿಸಿದರು, ಕಾದಂಬರಿಯೊಂದನ್ನು ಮುಗಿಸಲಾಗಲಿಲ್ಲ. ಷಾರ್ಲೆಟ್ ಅದರಿಂದ ಹೊರಬಂದು, ಅಲ್ಲಿನ ಆವೇಶವನ್ನು ಸಾಮಾನ್ಯ ರೂಪದ, ಬಡ ಮನೆಶಿಕ್ಷಕಿಯೊಬ್ಬಳ ಎದೆಯಲ್ಲಿರಿಸಿದರು. ಝಮೋರ್ನಾನ ಗತ್ತು ರೋಚೆಸ್ಟರ್ ಪಾತ್ರದಲ್ಲಿ ಉಳಿಯಿತು. ಅವನಿಗೆ ಸಮಾನಳಾಗಿ ನಿಂತು ಉತ್ತರ ಕೊಡಬಲ್ಲ ಹೆಣ್ಣು ಮಾತ್ರ ಹೊಸದಾಗಿ ಸೇರಿದಳು.

ಪ್ರಮುಖ ಕೃತಿಗಳು

* ಜೇನ್ ಐರ್ (1847)
* ಷರ್ಲಿ (1849)
* ವಿಲೆಟ್ (1853)
* ದಿ ಪ್ರೊಫೆಸರ್ (1857, ಮರಣಾನಂತರ)
* ಕರರ್, ಎಲಿಸ್ ಮತ್ತು ಆಕ್ಟನ್ ಬೆಲ್ ಅವರ ಕವಿತೆಗಳು (1846, ಸೋದರಿಯರೊಡನೆ)
* ಎಳವೆಯ ಕಥೆಗಳು: ದಿ ಗ್ರೀನ್ ಡ್ವಾರ್ಫ್ (1833), ದಿ ಸ್ಪೆಲ್ (1834), ಮಿನಾ ಲಾರಿ (1838), ಹೆನ್ರಿ ಹೇಸ್ಟಿಂಗ್ಸ್ (1839), ಕ್ಯಾರೋಲಿನ್ ವೆರ್ನನ್ (1839)